ಆ ರಾತ್ರಿ ಫ್ರಿಜ್‌ನಲ್ಲಿ ಜಾಗ ಕೊಟ್ಟ ಅಕ್ಕನಿಗೆ

ಮೈಸೂರಿನ ಒಂದು ಪೆಟ್ ಕ್ಲಿನಿಕ್‌ನಲ್ಲಿ ನಾನು ಮ್ಯಾನೇಜರ್. ಡಾಕ್ಟರಿಗೆ ಡಾಕ್ಟರ್ ಸ್ನೇಹಿತರು ಇರುತ್ತಾರೆ. ಬಿಲ್ಲು, ಸ್ಟಾಕು, ಡ್ಯೂಟಿ ಪಟ್ಟಿ ನೋಡುವ ನಮಗೆ ಯಾರಿರುತ್ತಾರೆ ಹೇಳಿ?

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಹೋದ ಕರೆಂಟು ಬರಲೇ ಇಲ್ಲ. ಯುಪಿಎಸ್ ಕೂಡ ಕೈಕೊಟ್ಟಿತು. ಫ್ರಿಜ್ ತುಂಬಾ ರೇಬೀಸ್ ಲಸಿಕೆ, ನಾಯಿಗಳಿಗೆ ಬರುವ ಪಾರ್ವೋ ವೈರಸ್ ಕಾಯಿಲೆಯ ಲಸಿಕೆ. 2ರಿಂದ 8 ಡಿಗ್ರಿಯೊಳಗೆ ಇರಲೇಬೇಕು. ಥರ್ಮಾಮೀಟರ್ ಆಗಲೇ 7 ತೋರಿಸುತ್ತಿತ್ತು. ಇನ್ನೊಂದು ಕ್ಲಿನಿಕ್ ನೋಡಿಕೊಳ್ಳುವ ನಿಮಗೆ ಫೋನ್ ಮಾಡಿದೆ. ಅದಕ್ಕೂ ಮೊದಲು ಒಂದೇ ಸಲ ಮಾತಾಡಿದ್ದೆವು.

"ಐಸ್ ಪ್ಯಾಕ್ ಲಸಿಕೆಗೆ ನೇರ ತಾಗಬಾರದು, ನಡುವೆ ಬಟ್ಟೆ ಇಟ್ಟು ತಗೊಂಡು ಬಾಮ್ಮ" ಅಂದಿರಿ. ನಾನು ಬರುವಷ್ಟರಲ್ಲಿ ನಿಮ್ಮ ಫ್ರಿಜ್‌ನ ಒಂದು ಶೆಲ್ಫ್ ಖಾಲಿ ಮಾಡಿ, ನಮ್ಮ ಕ್ಲಿನಿಕ್ ಹೆಸರು ಬರೆದ ಚೀಟಿ ಅಂಟಿಸಿದ್ದಿರಿ. ಆ ಚೀಟಿ ನೋಡಿ ಕಣ್ಣು ತುಂಬಿ ಬಂತು.

ಮರುದಿನ ನೀವೇ ನಮ್ಮ ಹಾಗೆ ಕ್ಲಿನಿಕ್ ನೋಡಿಕೊಳ್ಳುವ ಇನ್ನೂ ನಾಲ್ವರನ್ನು ಪರಿಚಯ ಮಾಡಿಸಿದಿರಿ. ರಕ್ತ ಬೇಕಾದ ನಾಯಿ ಬಂದರೆ ಯಾರನ್ನು ಕೇಳಬೇಕು ಅಂತ ಈಗ ಗೊತ್ತು. ಉಳಿಸಲಾಗದ ನಾಯಿಯ ಮನೆಯವರು ಅತ್ತು ಹೋದ ಮೇಲೆ, ನಾನು ಯಾರ ಹತ್ತಿರ ಅಳಬಹುದು ಅನ್ನೋದೂ ಗೊತ್ತು.

ಹೆಸರು ಹಾಕಬೇಡ ಅಂದಿರಿ, ಹಾಕಿಲ್ಲ ಅಕ್ಕ. ತುಂಬಾ ಥ್ಯಾಂಕ್ಸ್. ನಿಮ್ಮ ಐಸ್ ಬಾಕ್ಸ್ ಭಾನುವಾರ ತಂದುಕೊಡುತ್ತೇನೆ.