ಮೂರೂವರೆ ಚೌಕ

ಪುಟ್ಟೀ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಕೊನೆಯಲ್ಲಿ ಗೀಚಿದ್ದೀಯಲ್ಲ, "ನಿದ್ದೆಯಲ್ಲಿ ಹೃದಯ ನಿಂತೇ ಹೋದರೆ, ಮಾವ?" ಅಂತ, ಅದೊಂದು ಸಾಲು ನನ್ನನ್ನು ಬಿಡುತ್ತಿಲ್ಲ.

ನಿನ್ನ ಇಸಿಜಿಯಲ್ಲಿ ಬ್ಲಾಕ್ ಅಂದ ಕೂಡಲೇ ರಕ್ತನಾಳ ಕಟ್ಟಿದೆ ಅಂದುಕೊಂಡೆಯೇನೋ. ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ ಅಂದರೆ ಅದಲ್ಲ. ಹೃದಯವನ್ನು ಬಡಿಸುವ ಕರೆಂಟಿನ ದಾರಿಯಲ್ಲಿ ಎಡಕ್ಕೆ ಹೋಗುವ ಕವಲು ಅದನ್ನು ಒಯ್ಯುತ್ತಿಲ್ಲ, ಅಷ್ಟೆ. ಬಲಗಡೆಯಿಂದ ಸ್ನಾಯುವಿನೊಳಗೇ ನುಸುಳಿಕೊಂಡು ಎಡಕ್ಕೂ ತಲುಪುತ್ತೆ, ತಡವಾಗಿ. ಇಸಿಜಿ ಕಾಗದದ ಒಂದು ಸಣ್ಣ ಚೌಕ 0.04 ಸೆಕೆಂಡು. ಕೆಳಗಿನ ಕೋಣೆಗಳಿಗೆ ಕರೆಂಟು ಹರಡುವಾಗ ಮೂಡುವ ಚೂಪು ಗೆರೆಯಾದ ಕ್ಯೂಆರ್‌ಎಸ್ ಮೂರು ಚೌಕದೊಳಗೆ ಮುಗಿಯಬೇಕು, ನಿನ್ನದು 0.14, ಮೂರೂವರೆ. ನಿನ್ನ ನಿದ್ದೆ ಕೆಡಿಸಿರುವುದು ಅರ್ಧ ಚೌಕ.

ತಮಾಷೆ ಮಾಡಬಾರದಿತ್ತು. ಆ ಅರ್ಧ ಚೌಕಕ್ಕೂ ಲೆಕ್ಕವಿದೆ. ಇಬ್ಬರು ಒದ್ದೆ ಹೊದಿಕೆ ಹಿಂಡುವಾಗ ಒಬ್ಬರು ಕೈ ಸಡಿಲಿಸಿದ ಮೇಲೆ ಇನ್ನೊಬ್ಬರು ತಿರುಚಿದರೆ ನೀರು ಒಳಗೇ ಉಳಿಯುತ್ತೆ. ಹಾಗೇ ನಡುಗೋಡೆ ಮೊದಲು ಕುಗ್ಗುತ್ತೆ, ಹೊರಗೋಡೆ ಹಿಂದೆ ಬೀಳುತ್ತೆ, ಸ್ವಲ್ಪ ರಕ್ತ ಒಳಗೇ ತುಳುಕುತ್ತೆ. ಹಿಂಡುವುದು ತಡವಾಗಿ ಮುಗಿದರೆ ಸಡಿಲವಾಗುವುದೂ ತಡ, ತುಂಬಿಕೊಳ್ಳುವ ಹೊತ್ತೂ ಕಡಿಮೆ. ಮೆಟ್ಟಿಲು ಹತ್ತಿ ಬಡಿತ ಜೋರಾದಾಗ ಇನ್ನೂ ಮೊಟಕಾಗುವುದು ಅದೇ ಹೊತ್ತು. ನಿನ್ನ ಏದುಸಿರಿಗೆ ಅದೂ ಒಂದು ಕಾರಣವಿದ್ದೀತು. ಎಕೋ ಸ್ಕ್ಯಾನಿನಲ್ಲಿ 50 ಬಂತು, ಅರ್ಧ ಹೃದಯ ಹೋಯ್ತು ಅಂತ ಬರೆದಿದ್ದೀಯ. ಅದು ಒಂದು ಬಡಿತಕ್ಕೆ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಹೊರಹೋಗುತ್ತೆ ಅನ್ನುವ ಲೆಕ್ಕ. ಯಾರ ಹೃದಯವೂ ತುಂಬಿದ್ದನ್ನೆಲ್ಲ ಹೊರಹಾಕುವುದಿಲ್ಲ ಕಣೇ. 55ರಿಂದ 70 ಇದ್ದರೇ ಚೆನ್ನಾಗಿದೆ ಅಂತ ಲೆಕ್ಕ.

ಮತ್ತೆ ಆ ಸಾಲಿಗೇ ಬಂದೆ. ಹೃದಯದ ಮೇಲಿನ ಕೋಣೆಯಿಂದ ಕೆಳಕ್ಕೆ ಕರೆಂಟಿನ ದಾರಿ ಪೂರ್ತಿ ಕಡಿದರೂ ಕೆಳಗಿನ ಕೋಣೆ ಸಾಮಾನ್ಯವಾಗಿ ನಿಮಿಷಕ್ಕೆ 30-40ರಂತೆ ತಾನೇ ಬಡಿದುಕೊಳ್ಳುತ್ತೆ. ಅದನ್ನು ನಂಬಿ ಕೂರುವಂತಿಲ್ಲ, ನಿಜ. ನಿನಗೆ ಆಗಿರುವುದು ಅದಲ್ಲ.

ಅತ್ತೆ ಬಿದ್ದು ಮೊಣಕೈಗೆ ಪೆಟ್ಟು ಮಾಡಿಕೊಂಡ ಕಥೆ ನಿನಗೆ ಗೊತ್ತು. ಗೊತ್ತಿಲ್ಲದ್ದು ಹೇಳುತ್ತೇನೆ. ಬೀಳುವ ಹದಿನೈದು ದಿನ ಮುಂಚೆ ಅವಳು ಕಣ್ಣು ಕತ್ತಲೆ ಬಂತು ಅಂದಾಗ ನಾನೇ ಇಸಿಜಿ ತೆಗೆದೆ. ಹತ್ತು ಸೆಕೆಂಡಿನ ಪಟ್ಟಿ, ಒಂದು ಕೊಂಕಿಲ್ಲ. "ನಿನ್ನ ಹೃದಯ ಗಡಿಯಾರ" ಅಂತ ನಕ್ಕು ಅವಳ ಕೈಗೇ ಕೊಟ್ಟೆ. ಬಂದು ಹೋಗುವ ಬ್ಲಾಕ್ ಹತ್ತು ಸೆಕೆಂಡಿಗೆ ಸಿಗಲಿಲ್ಲ. ಬಿದ್ದ ಮೇಲೆ, ದಿನವಿಡೀ ಬಡಿತ ದಾಖಲಿಸಲು ಕಟ್ಟಿದ ಹೋಲ್ಟರ್‌ಗೆ ಸಿಕ್ಕಿತು. ಆಯುಷ್ಯವೆಲ್ಲ ಅದೇ ಕೆಲಸ ಮಾಡಿದವನು ನಾನು. ಆ ಪಟ್ಟಿ ಈಗಲೂ ಅವಳ ಪೆಟ್ಟಿಗೆಯಲ್ಲಿದೆ, ಹರಿದುಹಾಕಲು ಕೈ ಬಂದಿಲ್ಲ.

ಅದಕ್ಕೇ ನಿನಗೆ "ಏನೂ ಆಗಲ್ಲ" ಅಂತ ಬರೆಯಲು ಹೊರಟು ಎರಡು ಸಲ ಹೊಡೆದುಹಾಕಿದೆ. ಕಣ್ಣು ಕತ್ತಲೆ ಬಂದರೆ, ಎಚ್ಚರ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗು, ಹಳೇ ಇಸಿಜಿ ನೋಡಿ ಸಮಾಧಾನ ಮಾಡಿಕೊಳ್ಳಬೇಡ. ಡಾಕ್ಟರು ಹೇಳಿದಾಗ ಎಕೋ ತಪ್ಪಿಸಬೇಡ. ಹೀಗೆ ತಾಳ ತಪ್ಪಿಯೇ ಬಡಿದು ಕೆಲವರಿಗೆ ವರ್ಷಗಳ ಮೇಲೆ ಸ್ನಾಯು ಸೋತು ಹಿಗ್ಗುತ್ತೆ. ಹಾಗೆ ಆಗಿ ಆ 50ರ ಲೆಕ್ಕ 35ಕ್ಕೆ ಇಳಿದರೂ ಎರಡೂ ಗೋಡೆಗೆ ಜೊತೆಯಾಗಿ ಕರೆಂಟು ಕೊಡುವ ಪೇಸ್‌ಮೇಕರ್ ಇದೆ. ಇಷ್ಟೆಲ್ಲ ಹೇಳಲು ನಾನೇನು ಡಾಕ್ಟರೇ? ಎದೆಗೆ ಇಸಿಜಿಯ ಲೀಡು ಅಂಟಿಸುತ್ತಿದ್ದವನು. ರಾತ್ರಿ ಮಲಗಿಕೊಂಡು ನಾಡಿ ಎಣಿಸುವುದೊಂದು ಬಿಡು, ಆ ಹೊತ್ತಿಗೆ ಎಲ್ಲರದೂ ನಿಧಾನವೇ.

ಪಟ್ಟಿಯ ಫೋಟೋ ಕಳಿಸು, ಚೌಕ ಕಾಣುವಷ್ಟು ಹತ್ತಿರದಿಂದ. ಈ ಸಲ ಬರೀ ನೋಡುತ್ತೇನೆ.

ನಿನ್ನ ಮಾವ