ಹಿಂದೆ ಯಾರು ನಿಂತಿದ್ದಾರೆ ನೋಡು

"ಅಮ್ಮಾ, ಸೀರಿಯಲ್ ಇನ್ನೂ ಶುರುವೇ ಆಗಿಲ್ಲ. ಅಜ್ಜಿ ಆಗ್ಲೇ ಕಥೆ ಪೂರ್ತಿ ಹೇಳಿಬಿಟ್ರು!"

ಮೊನ್ನೆ ಕಾರಿನ ಹಿಂದಿನ ಸೀಟಲ್ಲಿ ಕೂತು ಮಗಳು ಹೀಗಂದಳು. ಇಲ್ಲಿ ಪರದೇಶದಲ್ಲಿ ಅದು ಶಾಲೆ ಬಿಡುವ ಹೊತ್ತು, ಮಧ್ಯಾಹ್ನ ಮೂರೂವರೆ. ಮಲೆನಾಡಿನ ಮಂಡಗದ್ದೆ ಹತ್ತಿರದ ನಮ್ಮ ಮನೆಯಲ್ಲಿ ಆಗ ರಾತ್ರಿ ಎಂಟು. ಅಮ್ಮ ಊಟ ಮುಗಿಸಿ ಟಿವಿ ಮುಂದೆ ಕೂರುವ ಸಮಯ. ಈ ಬೇಸಿಗೆಯುದ್ದಕ್ಕೂ ನಾವು ಮಾತಾಡಿದ್ದು ಆ ಹೊತ್ತಿಗೇ. ಜಾಹೀರಾತು ಬಂದಾಗ ಅಮ್ಮ ಮಾತಾಡುತ್ತಾಳೆ. ಕಂತು ಮತ್ತೆ ಶುರುವಾದರೆ "ತಡಿ ತಡಿ" ಎನ್ನುತ್ತಾಳೆ. ನಾನು ಸುಮ್ನೆ ಫೋನ್ ಹಿಡಿದು ಕೂರುತ್ತೇನೆ. ಆ ಕಡೆಯ ಟಿವಿ ಸದ್ದು, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಎರಡೂ ಕೇಳುತ್ತಿರುತ್ತವೆ. ನಿಮ್ಮಲ್ಲೂ ಎಷ್ಟೋ ಜನ ಹೀಗೇ ಕೂರುತ್ತೀರಿ, ನನಗೆ ಗೊತ್ತು.

ವಿಷಯ ಏನೆಂದರೆ, ಹೊಸ ಧಾರಾವಾಹಿಗಳು ಬರುತ್ತಿವೆಯಂತೆ. ಒಂದಲ್ಲ, ಮೂರು. ಮೂರೂ ಹಿಂದೆ ಗೆದ್ದ ಒಂದರ ಥರದ್ದೇ. ದೊಡ್ಡ ಹೆಂಚಿನ ಮನೆ, ಕಾಫಿ ತೋಟ, ನಗದ ಅತ್ತೆ, ಪರದೇಶದಿಂದ ಬಂದ ಮಗ, ಬಡವರ ಮನೆಯ ಹುಡುಗಿ. ಪ್ರೋಮೋ ಎರಡು ಸಲ ನೋಡಿದ್ದೇ ಅಮ್ಮನಿಗೆ ಸಾಕಾಯಿತು. "ಮದುವೆ ಇಷ್ಟ ಇಲ್ದೆ ಆಗ್ತದೆ. ನೂರು ಕಂತು ಕಳೆದ ಮೇಲೆ ಇಷ್ಟ ಆಗ್ತದೆ. ಅಷ್ಟೊತ್ತಿಗೆ ಹಳೇ ಹುಡುಗಿ ವಾಪಸ್ ಬರ್ತಾಳೆ, ಬೇಕಾದ್ರೆ ನೋಡು."

ಹಾಗಂತ ಬೇಜಾರಿನಿಂದ ಹೇಳಿದ್ದಲ್ಲ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕದ ಪಕ್ಕದಲ್ಲೇ ಮೂರರದ್ದೂ ತಾರೀಕು ಬರೆದಿಟ್ಟುಕೊಂಡಿದ್ದಾಳೆ. ಒಂದಕ್ಕೆ ಸುತ್ತ ಗೆರೆಯೂ ಹಾಕಿದ್ದಾಳೆ. ಅದನ್ನು ತೆಗೆಯುತ್ತಿರುವುದು ನಮ್ಮ ಕಡೆಯೇ, ತೀರ್ಥಹಳ್ಳಿ ಸುತ್ತಮುತ್ತ.

"ಕಥೆ ಗೊತ್ತಿದ್ದ ಮೇಲೆ ಯಾಕೆ ನೋಡ್ತೀರಿ ಅಜ್ಜಿ?" ಅಂತ ಮಗಳು ಕೇಳಿದಳು. ಅಮ್ಮ ಕೊಟ್ಟ ಉತ್ತರ ಇದು: "ಕೃಷ್ಣ ಸಂಧಾನ ಎಷ್ಟು ಸಲ ನೋಡಿದೀನಿ ಪುಟ್ಟೀ. ಸಂಧಾನ ಆಗೂದಿಲ್ಲ, ಯುದ್ಧ ಆಗ್ತದೆ ಅಂತ ಗೊತ್ತಿರ್ಲಿಲ್ವಾ? ಪ್ರತಿ ವರ್ಷ ಹೋಗ್ತಿದ್ವಲ್ಲ."

ಅದು ನಿಜ. ದೀಪಾವಳಿ ಕಳೆದ ಮೇಲೆ ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ಮೇಲೆ ಬರುತ್ತಿದ್ದವು. ಮಂದಾರ್ತಿ ಮೇಳ ಬಂತೆಂದರೆ ಚಾಪೆ, ಕಂಬಳಿ, ಚಕ್ಕುಲಿ ಡಬ್ಬ ಹಿಡಿದು ಹೊರಡುವುದೇ. ಪ್ರಸಂಗ ಯಾವುದು ಅಂತ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ವರ್ಷದ ಕೌರವ ಯಾರು, ಭಾಗವತರು ಯಾರು, ಇಷ್ಟೇ ಕೇಳುತ್ತಿದ್ದುದು. ಒಂದೇ ಕಥೆಯನ್ನು ಇನ್ನೊಬ್ಬ ಬಂದು ಹೇಗೆ ಆಡುತ್ತಾನೆ ಅಂತ ನೋಡಲಿಕ್ಕೆ ಬೆಳಗಿನ ಜಾವದ ತನಕ ಚಳಿಯಲ್ಲಿ ಕೂತ ಜನ ನಾವು. ಹಾಗಾಗಿ "ಇದೂ ಅದರ ಕಾಪಿ" ಅಂತ ಯಾರಾದರೂ ಮೂಗು ಮುರಿದರೆ ನನಗೆ ಒಪ್ಪಿಗೆ ಆಗುವುದಿಲ್ಲ.

ಒಂದು ಗೆದ್ದರೆ ಅದರ ಹಿಂದೆ ನಾಲ್ಕು ಬರುವುದು ಟಿವಿಯಲ್ಲಿ ಹೊಸದೂ ಅಲ್ಲ. ಗುರುವಾರ ಗುರುವಾರ ಟಿಆರ್‌ಪಿ ಪಟ್ಟಿ ಬರುತ್ತದೆ. ಜಾಹೀರಾತು ಕೊಡುವವರು ನೋಡುವುದು ಅದನ್ನೇ. ಒಂದೇ ಸಂಸ್ಥೆಗೆ ಐದಾರು ಭಾಷೆಗಳಲ್ಲಿ ಚಾನೆಲ್ ಇರುತ್ತವೆ. ಒಂದು ಕಡೆ ಗೆದ್ದ ಕಥೆ ಉಳಿದ ಕಡೆಗೂ ಹೋಗುತ್ತದೆ. 2008ರಲ್ಲಿ ಹಿಂದಿಯಲ್ಲಿ ಬಂದ 'ಬಾಲಿಕಾ ವಧು' ನಮ್ಮಲ್ಲಿ 'ಪುಟ್ಟಗೌರಿ ಮದುವೆ' ಆಯಿತು. 2019ರ 'ಜೊತೆ ಜೊತೆಯಲಿ' ಮರಾಠಿಯಿಂದ ಬಂದದ್ದು. 'ಅಮೃತಧಾರೆ'ಯ ಮೂಲ ಹಿಂದಿ. 1998ರ 'ಮಾಯಾಮೃಗ'ವನ್ನು ನಾವು ಮರೆಯದೆ ಇದ್ದದ್ದಕ್ಕೇ 2022ರಲ್ಲಿ ಟಿ.ಎನ್. ಸೀತಾರಾಮ್ ಅವರು 'ಮತ್ತೆ ಮಾಯಾಮೃಗ' ತಂದರು. ಇನ್ನು 'ಪುಟ್ಟಕ್ಕನ ಮಕ್ಕಳು' ತೆಲುಗಿನ ಕಥೆ. ಆದರೆ ಉಮಾಶ್ರೀ ಆ ಮೆಸ್ಸಿನ ಒಲೆ ಮುಂದೆ ನಿಂತ ಮೇಲೆ ಪುಟ್ಟಕ್ಕ ಹೊರಗಿನವಳು ಅಂತ ಯಾರಿಗಾದರೂ ಅನಿಸಿತಾ? ನಮ್ಮ ಮನೆಯಲ್ಲಂತೂ ಯಾರಿಗೂ ಅನಿಸಲಿಲ್ಲ.

ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮೊದಲ ಹಿಟ್ ಅಂದರೆ ಒಂದೇ. ಶಂಕರ್ ನಾಗ್ ಆಗುಂಬೆಗೆ ಬಂದು 'ಮಾಲ್ಗುಡಿ ಡೇಸ್' ತೆಗೆದದ್ದು. ನಮ್ಮ ಕೂಟದ ಪತ್ರಿಕೆಯ ಈ ಸಂಚಿಕೆ ನಿಮ್ಮ ಕೈ ಸೇರುವ ವಾರವೇ ಸೆಪ್ಟೆಂಬರ್ 30. 1990ರಲ್ಲಿ ಅವರು ಹೋದ ದಿನ. ಆಗ ಅವರಿಗೆ ಬರೀ 35. ಅದಕ್ಕೇ ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ದೂರದರ್ಶನದಲ್ಲಿ ಅದು ಬರುತ್ತಿದ್ದಾಗ ನನಗೆ ಏಳು ವರ್ಷ. ನಮ್ಮ ಊರಿಗೆಲ್ಲ ಒಂದೇ ಟಿವಿ, ಮೇಷ್ಟ್ರ ಮನೆಯದು. ಕಪ್ಪು ಬಿಳುಪು, ಎಳೆದು ಮುಚ್ಚುವ ಬಾಗಿಲಿದ್ದದ್ದು. ಗುಡ್ಡಗಳ ನಡುವೆ ಸಿಗ್ನಲ್ ಸಿಗುವುದೇ ಕಷ್ಟ. ಎರಡು ಬಿದಿರಿನ ಗಳ ಸೇರಿಸಿ ಕಟ್ಟಿ, ಅದರ ತುದಿಗೆ ಆಂಟೆನಾ ಏರಿಸಿದ್ದರು. ಗಾಳಿ ಬೀಸಿದರೆ ಅದು ತಿರುಗಿಬಿಡುತ್ತಿತ್ತು. ಮೇಷ್ಟ್ರ ಮಗ ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಗಳ ಹಿಡಿದು ನಿಲ್ಲುತ್ತಿದ್ದ. ಒಳಗಿನಿಂದ ನಾವೆಲ್ಲ ಕೂಗುತ್ತಿದ್ದೆವು. "ಬಂತು ಬಂತು!" "ಹೋಯ್ತು!" "ಇನ್ನೊಂಚೂರು ಆಗುಂಬೆ ಕಡೆ ತಿರುಗ್ಸೋ!"

ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು ಬಂದು, ಎಲ್. ವೈದ್ಯನಾಥನ್ ಅವರ ಆ ರಾಗ ಶುರುವಾದರೆ ಮನೆ ಪೂರ್ತಿ ಸ್ತಬ್ಧ. ಮಾತು ಹಿಂದಿಯಲ್ಲಿ. ಅದು ಅರ್ಥವಾಗುತ್ತಿದ್ದುದು ಮೇಷ್ಟ್ರಿಗೆ ಮಾತ್ರ. ಅವರು ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದರು, "ಈಗ ಸ್ವಾಮಿ ಅಪ್ಪನ ಹತ್ರ ಬೈಸ್ಕೊಳ್ತಿದಾನೆ" ಅಂತ. ಆ ಅಪ್ಪ ಗಿರೀಶ್ ಕಾರ್ನಾಡ್. ಸ್ವಾಮಿಯಾಗಿದ್ದ ಮಂಜುನಾಥ್ ಮುಖ ನೋಡಿದರೆ ಯಾವ ಭಾಷೆಯೂ ಬೇಕಿರಲಿಲ್ಲ ಬಿಡಿ.

ಆದರೆ ನಮ್ಮ ಮನೆಯವರು ಸ್ವಾಮಿಯನ್ನೂ ಸರಿಯಾಗಿ ನೋಡಲಿಲ್ಲ. ಯಾಕೆಂದರೆ ನಾವು ದೊಡ್ಡಪ್ಪನನ್ನು ಹುಡುಕುತ್ತಿದ್ದೆವು.

ಶೂಟಿಂಗ್ ನಡೆಯುತ್ತಿದ್ದಾಗ ದೊಡ್ಡಪ್ಪ ನೆಂಟರ ಮನೆ ಉಪನಯನಕ್ಕೆ ಅಂತ ಆಗುಂಬೆಗೆ ಹೋಗಿದ್ದರು. ಬೀದಿಯಲ್ಲಿ ನಿಂತು ನೋಡುತ್ತಿದ್ದವರನ್ನೇ ಕರೆದು ಅಲ್ಲಿಂದ ಇಲ್ಲಿಗೆ ನಡೆಯಿರಿ ಅಂದರಂತೆ. ದೊಡ್ಡಪ್ಪ ಎರಡು ಸಲ ನಡೆದರಂತೆ. ಅಷ್ಟೇ. ಯಾವ ಕಂತಿಗೆ, ಯಾವ ಕಥೆಗೆ, ಒಂದೂ ಗೊತ್ತಿಲ್ಲ. ಹಾಗಾಗಿ ಪ್ರತಿ ಕಂತಿನಲ್ಲೂ ಅಂಗಡಿ ಬೀದಿ ಬಂದ ತಕ್ಷಣ ನನ್ನ ಅಜ್ಜಿ ಹೇಳುತ್ತಿದ್ದಳು: "ಮುಂದಿನವ್ರನ್ನ ಬಿಡಿ, ಹಿಂದೆ ಯಾರು ನಿಂತಿದಾರೆ ನೋಡಿ." ಶೂಟಿಂಗ್ ನಡೆದ ಆಗುಂಬೆಯ ದೊಡ್ಡಮನೆಯ ಕಂಬ ಬಂದಾಗ, ಜಗುಲಿ ಬಂದಾಗ ಗುರುತು ಹಿಡಿದು ಹೇಳುವವರೂ ಇದ್ದರು. ದೊಡ್ಡಪ್ಪ ಮಾತ್ರ ಕಾಣಲಿಲ್ಲ. ಒಂದು ಮಳೆಗಾಲ ಪೂರ್ತಿ ಕಾಣಲಿಲ್ಲ.

ಆಮೇಲೆ ಒಂದು ದಿನ, ಯಾರೋ ಹುಡುಗ ಓಡುತ್ತಾ ಬೀದಿ ದಾಟುವಾಗ, ಹಿಂದೆ ಒಂದು ಬೆನ್ನು. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಎಡಗಾಲು ಒಂಚೂರು ಎಳೆದ ಹಾಗೆ ನಡಿಗೆ. ಎರಡು ಸೆಕೆಂಡ್ ಇದ್ದಿರಬಹುದು. ಅಜ್ಜಿ ಎದ್ದು ನಿಂತುಬಿಟ್ಟಳು. "ಅದು ನಮ್ ಮಾಣಿ! ಆ ಕಾಲು ನೋಡಿ, ಕಾಲು!" ಹನ್ನೆರಡನೇ ವಯಸ್ಸಿಗೆ ದೊಡ್ಡಪ್ಪ ಅಡಿಕೆ ಮರದಿಂದ ಬಿದ್ದಿದ್ದರು. ಆರು ತಿಂಗಳು ಎಣ್ಣೆ ಹಚ್ಚಿ ನೀವಿದ ಕಾಲು ಅದು. ಬೇರೆ ಯಾರಿಗೆ ಗುರುತು ಸಿಗದಿದ್ದರೂ ಅಜ್ಜಿಗೆ ಸಿಕ್ಕಿತು. ದೊಡ್ಡಪ್ಪ ಬಾಗಿಲ ಹತ್ತಿರ ನಿಂತಿದ್ದರು. ಏನೂ ಮಾತಾಡಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ, ಮೇಷ್ಟ್ರ ಮಗನ ಕೈಯಿಂದ ಗಳ ತಗೊಂಡು, "ನೀನು ಒಳಗೆ ಹೋಗಿ ನೋಡೋ" ಅಂದರು.

ಶಂಕರ್ ನಾಗ್ ತೆಗೆದದ್ದು 39 ಕಂತು. 2006ರಲ್ಲಿ ಕವಿತಾ ಲಂಕೇಶ್ ಅವರು ಇನ್ನೂ 15 ತೆಗೆದರು. ಮೊದಲಿನ ಥರ ಇದೆಯಾ ಇಲ್ಲವಾ ಅಂತ ಊರಲ್ಲೆಲ್ಲ ಚರ್ಚೆ ಆಯಿತು. ನಮ್ಮ ಮನೆಯಲ್ಲಿ ಅದನ್ನೂ ಬಿಡದೆ ನೋಡಿದರು. ಕಣ್ಣು ಆಗಲೂ ಹಿಂದುಗಡೆಯೇ. ರೈಲಿನ ದೃಶ್ಯ ತೆಗೆದ ಅರಸಾಳು ಸ್ಟೇಷನ್ನಿನಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ, 2020ರಲ್ಲಿ ಆದದ್ದು. ಹೋದ ಸಲ ಊರಿಗೆ ಹೋದಾಗ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಷ್ಟೊತ್ತಿಗೆ ದೊಡ್ಡಪ್ಪ ಇರಲಿಲ್ಲ.

ಪುಟ ತುಂಬುತ್ತಾ ಬಂತು. ಗಂಟೆ ಹನ್ನೊಂದೂವರೆ. ಸೂಚನೆಗಳನ್ನು ಬರೆದುಬಿಡುತ್ತೇನೆ, ದಯವಿಟ್ಟು ಗಮನಿಸಿ. ದಸರಾ ಕೂಟ ಅಕ್ಟೋಬರ್ ಎರಡನೇ ಶನಿವಾರ, ಎಂದಿನ ಹಾಲ್, ಬೆಳಿಗ್ಗೆ ಹನ್ನೊಂದಕ್ಕೆ. ಗೊಂಬೆ ಕೂರಿಸುವವರು ಒಂಬತ್ತಕ್ಕೇ ಬನ್ನಿ, ಮೆಟ್ಟಿಲಿಗೆ ಹಾಸಲು ಬಿಳಿ ಪಂಚೆ ಇದ್ದರೆ ತನ್ನಿ. ಊಟಕ್ಕೆ ಹೆಸರು ಕೊಡದೆ ಬರಬೇಡಿ, ಹೋದ ವರ್ಷ ಪುಳಿಯೋಗರೆ ಸಾಲದೆ ಹಿರಿಯರಿಗೇ ಇಲ್ಲದ ಹಾಗಾಯಿತು. ಮಕ್ಕಳ ಕನ್ನಡ ತರಗತಿ ಭಾನುವಾರದಿಂದ ಶನಿವಾರಕ್ಕೆ ಬದಲಾಗಿದೆ. ರಾಜ್ಯೋತ್ಸವದ ನಾಟಕಕ್ಕೆ ಇನ್ನೂ ಇಬ್ಬರು ಗಂಡಸರು ಬೇಕು, ಮಾತು ಕಡಿಮೆ ಇದೆ, ಹೆದರಬೇಡಿ. ಚಂದಾ ಬಾಕಿ ಇರುವವರು ಈ ತಿಂಗಳು ಕೊಟ್ಟುಬಿಡಿ.

ಇನ್ನೊಂದು. ಏಳು ವರ್ಷದಿಂದ ನಮ್ಮ ಪುಟ ಜೋಡಿಸುತ್ತಿದ್ದವರು ಹೋದ ತಿಂಗಳು ಸಂಸಾರ ಸಮೇತ ಸಾಗರಕ್ಕೆ ವಾಪಸ್ ಹೋದರು. ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ಹೋಗಲೇಬೇಕಿತ್ತು. ಅವರಿಗೆ ಒಳ್ಳೆಯದಾಗಲಿ. ಆದರೆ ಈ ಸಂಚಿಕೆಯನ್ನು ನಾನೊಬ್ಬಳೇ ಮಾಡಿದ್ದು, ನಾಲ್ಕು ರಾತ್ರಿ ಆಯಿತು. ಹಿರಿಯರು ಕೈಯಲ್ಲಿ ಬರೆದು ಕೊಟ್ಟ ಮೂರು ಲೇಖನ ಟೈಪ್ ಆಗದೆ ಹಾಗೇ ಉಳಿದಿವೆ. ತಿಂಗಳಿಗೆ ಎರಡು ಸಂಜೆ ಕೊಡುವವರು ಯಾರಾದರೂ ಇದ್ದರೆ ಒಂದು ಮಾತು ಹೇಳಿ. ಕನ್ನಡ ಟೈಪಿಂಗ್ ಬರದಿದ್ದರೂ ಪರವಾಗಿಲ್ಲ, ಕಲಿಸುತ್ತೇನೆ. ನಿಜಕ್ಕೂ ಒಬ್ಬಳ ಕೈಯಲ್ಲಿ ಆಗುತ್ತಿಲ್ಲ.

ಹೊಸ ಧಾರಾವಾಹಿಗೆ ಬರುತ್ತೇನೆ. ಹಳೆಯದರ ಹಾಗೆಯೇ ಮಾಡಲಿ. ಅತ್ತೆ ನಗದೇ ಇರಲಿ, ಹಳೇ ಹುಡುಗಿ ವಾಪಸ್ ಬರಲಿ. ನನ್ನದು ಒಂದೇ ಆಸೆ. ನಮ್ಮ ಕಡೆ ಬಂದು ತೆಗೆಯುತ್ತಿದ್ದಾರೆ ಅಂದ ಮೇಲೆ ನಮ್ಮ ಕಡೆ ಕಾಣಬೇಕು. ಮಲೆನಾಡು ಅಂತ ಹೇಳಿ ನಾಲ್ಕು ಡ್ರೋನ್ ಶಾಟ್ ಹಾಕಿ, ಆಮೇಲೆ ಯಾವ ಊರೆಂದು ಗೊತ್ತಾಗದ ಹಾಲ್‌ನಲ್ಲಿ ರೇಷ್ಮೆ ಸೀರೆ ಉಟ್ಟವರನ್ನು ಸಾಲಾಗಿ ನಿಲ್ಲಿಸುವುದನ್ನು ಬಹಳ ನೋಡಿದ್ದೇವೆ. ಇನ್ನೆರಡು ತಿಂಗಳಿಗೆ ಅಡಿಕೆ ಕೊನೆ ಕೊಯ್ಲು. ಅಂಗಳದಲ್ಲಿ ಚಪ್ಪರ ಹಾಕುತ್ತಾರೆ. ರಾತ್ರಿ ಹತ್ತು ಹದಿನೈದು ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಾರೆ. ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯುತ್ತಿರುತ್ತದೆ. ಅಮ್ಮನ ಬೆರಳ ಸಂದು ಅಡಿಕೆ ಕರೆಗೆ ಕಪ್ಪಾದರೆ ಸಂಕ್ರಾಂತಿ ಕಳೆದರೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಟಿವಿಯನ್ನೇ ಜಗುಲಿಗೆ ತಂದಿಡುತ್ತಾರೆ. ಎಲ್ಲರೂ ಸುಲಿಯುತ್ತಾ ಧಾರಾವಾಹಿ ನೋಡುತ್ತಾರೆ, ಕತ್ತಿ ಮೇಲೆ ಕಣ್ಣೇ ಇಡುವುದಿಲ್ಲ. ಅವರಿಗೆ ಅವರದೇ ಕಪ್ಪು ಕೈ ಒಮ್ಮೆ ಆ ಪರದೆ ಮೇಲೆ ಕಾಣಲಿ. ಯಾರಾದರೂ ಒಬ್ಬರು "ಎಂತದು ಮಾರಾಯ್ತಿ" ಅಂತ ಸರಿಯಾಗಿ ಅನ್ನಲಿ. ಅದನ್ನು ಕೇಳಲಿಕ್ಕೇ ನಾನು ಕಾಯುತ್ತಿದ್ದೇನೆ.

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಊರಿನ ಎಂಟು ಗಂಟೆ ಆಗ ನಮಗೆ ಎರಡೂವರೆ. ಕಾರಿನಲ್ಲಿ ಕೂತು ಕೇಳಲು ಆಗುವುದಿಲ್ಲ, ಕೆಲಸದಲ್ಲಿರುತ್ತೇನೆ. ಅಷ್ಟರೊಳಗೆ ಶುರುವಾದರೆ ಒಳ್ಳೆಯದು ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಕ್ಯಾಲೆಂಡರ್ ನೋಡಿ ಬಂದು "ಅಷ್ಟರೊಳಗೇ ಇದೆ" ಅಂದಳು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಸುದ್ದಿ ಹೇಳಿದಳು. ಪಕ್ಕದ ಮನೆ ಹುಡುಗ ಹೋಗಿದ್ದನಂತೆ ಶೂಟಿಂಗಿಗೆ. ದೇವಸ್ಥಾನದ ಜಾತ್ರೆಯ ದೃಶ್ಯ. ಜನರ ಮಧ್ಯೆ ನಿಲ್ಲಿಸಿದರಂತೆ, ಬೆಳಿಗ್ಗೆಯಿಂದ ಸಂಜೆ ತನಕ.

ಹಿಂದಿನ ಸೀಟಿನಿಂದ ಮಗಳು ಮುಂದಕ್ಕೆ ಬಗ್ಗಿದಳು. "ಅಜ್ಜೀ, ಯಾವ ಕಲರ್ ಶರ್ಟು?"

"ಹಸಿರು ಕಣೆ. ಎಡಗಡೆ, ಗರುಡಗಂಬದ ಪಕ್ಕ."

ನೀವೂ ನೋಡಿ. ಹಸಿರು ಶರ್ಟು, ಎಡಗಡೆ, ಗರುಡಗಂಬದ ಪಕ್ಕ.