ಹದಿಮೂರು ಹೆಬ್ಬಾತು

ಟೋಕಿಯೋ
ಅಕ್ಟೋಬರ್ 12

ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದೀನಿ. ಊಟ, ಚಳಿ, ಬಾಡಿಗೆ ಎಲ್ಲ ಫೋನಲ್ಲೇ ಹೇಳಿ ಆಗಿದೆ. ಈ ಕಾಗದ ಬರೀತಿರೋದು ಜೊತೆಗಿರೋ ಚಿತ್ರಕ್ಕೋಸ್ಕರ. ಫೋಟೋ ಕಳಿಸಿದಾಗ ನೀನು, "ವಾದ್ಯ ನುಡಿಸೋ ಹೆಂಗಸು ಅಂದೆ, ಇವಳು ತಂತಿ ಮೇಲೆ ಕೈಯೇ ಇಟ್ಟಿಲ್ವಲ್ಲೇ" ಅಂದಿದ್ದೆ. ಇಟ್ಟಿಲ್ಲ ನಿಜ. ಬೆರಳಿಗೆ ಉಗುರು ತೊಟ್ಕೋತಿದಾಳೆ. ಕೊತೋ ಅನ್ನೋ ಇಲ್ಲಿನ ತಂತಿವಾದ್ಯ ನುಡಿಸೋಕೆ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ 'ತ್ಸುಮೆ' ಸಿಕ್ಕಿಸ್ಕೋಬೇಕು. ತ್ಸುಮೆ ಅಂದ್ರೂ ಉಗುರೇ. ಪಕ್ಕದವಳ ಕೈಲಿರೋದು ಹಾಡಿನ ಪುಸ್ತಕ.

ಚಿತ್ರದ ಹೆಸರು 'ಕೊತೋ ಕುದುರೆಗಳ ಮೇಲೆ ಇಳಿಯೋ ಹೆಬ್ಬಾತು'. ಕುದುರೆ ಅಂದ್ರೆ ನಿನ್ನ ವೀಣೇಲಿರೋ ಥರದ್ದೇ, ತಂತಿ ಎತ್ತಿ ಹಿಡಿಯೋ ಆಸರೆ. ಹುಡುಕಬೇಡ, ಹಕ್ಕಿ ಎಲ್ಲೂ ಇಲ್ಲ. ಚೀನಾದಲ್ಲಿ ಶಿಯಾವೋ, ಶಿಯಾಂಗ್ ನದಿಗಳ ಸೀಮೆಯ ಎಂಟು ನೋಟ ಅಂತ ಹಳೇ ಚಿತ್ರಕಾರರ ವಸ್ತು ಒಂದಿದೆ: ಮರಳದಿಣ್ಣೆಗೆ ಇಳಿಯೋ ಹೆಬ್ಬಾತು, ರಾತ್ರಿ ಮಳೆ, ಸಂಜೆ ಗಂಟೆ, ವಾಪಸ್ ಬರೋ ಹಾಯಿದೋಣಿ, ಹೀಗೆ. 1766ರ ಸುಮಾರಿಗೆ ಇಲ್ಲಿನ ಅಚ್ಚುಚಿತ್ರಕಾರ ಸುಜುಕಿ ಹಾರುನೊಬು ಆ ಎಂಟನ್ನೂ ತಂದು ಹೆಂಗಸರ ಕೋಣೆಯೊಳಗೆ ಇಟ್ಟುಬಿಟ್ಟ. ಚಹಾಕ್ಕೆ ಕುದಿಯೋ ನೀರಿನ ಸದ್ದೇ ಮಳೆ, ಗಡಿಯಾರವೇ ಗಂಟೆ, ನೇತುಹಾಕಿದ ಟವೆಲ್ಲೇ ಹಾಯಿ. ಕೊತೋ ಮೇಲೆ ಓರೆಯಾಗಿ ನಿಂತಿರೋ ಕುದುರೆಗಳೇ ಹೆಬ್ಬಾತಿನ ಸಾಲು. ಚಳಿಗಾಲದಲ್ಲಿ ಮೈಸೂರು ಹತ್ರದ ಹದಿನಾರು ಊರಿನ ಕೆರೆಗೆ ಹೆಬ್ಬಾತು ಬರ್ತಾವಲ್ಲ, ಅವು ಇಳಿಯೋ ಸಾಲನ್ನ ಜ್ಞಾಪಿಸ್ಕೊಂಡು ಇನ್ನೊಂದ್ಸಲ ನೋಡು.

ಪಕ್ಕದ ಮನೆ ಅಜ್ಜಿ ಹತ್ರ ಕೊತೋ ಇದೆ. ಆಳುದ್ದದ ವಾದ್ಯ. 13 ತಂತಿ, ತಂತಿಗೊಂದು ಕುದುರೆ, ಒಂದನ್ನೂ ಅಂಟಿಸಿಲ್ಲ. ಶ್ರುತಿ ಬದಲಾದ್ರೆ ಅವರೇ ಬೆರಳಲ್ಲಿ ಅತ್ತಿತ್ತ ಸರಿಸ್ತಾರೆ. ನಾನೂ ಒಂದನ್ನ ಸರಿಸೋಕೆ ಹೋದೆ, ಟಪ್ ಅಂತ ಮಗುಚಿಕೊಳ್ತು. ಜೀವ ಬಾಯಿಗೆ ಬಂತು. ಅಜ್ಜಿ ನಗ್ತಾ ಎತ್ತಿ ನಿಲ್ಲಿಸಿದ್ರು, ಅಷ್ಟೇ. ನಿನ್ನ ವೀಣೇಲಿ 24 ಮೆಟ್ಟಿಲೂ ಮೇಣದಲ್ಲಿ ಕೂತಿರತ್ತೆ, ಒಂದು ಅಲ್ಲಾಡಿದ್ರೂ ಮೇಳ ಕಟ್ಟೋರನ್ನ, ಅಂದ್ರೆ ಮೆಟ್ಟಿಲು ಕೂರಿಸೋರನ್ನ, ಹುಡುಕ್ಕೊಂಡು ಹೋಗಬೇಕು.

ಇದು ಹಳೇ ಪ್ರತಿ ಅಲ್ಲಮ್ಮ, ಬೆಲೆ ಕೇಳಿ ಅಪ್ಪ ಗಾಬರಿ ಆಗೋದು ಬೇಡ. ಹೊಸದಾಗಿ ಹಲಗೆ ಕೊರೆದು ಕೈಯಲ್ಲೇ ಒತ್ತಿದ್ದು. ಅಂಚು ಒಂಚೂರು ಹಳದಿ ತಿರುಗಿದೆ ಅಂತ ಹಳೇ ಪುಸ್ತಕದಂಗಡಿಗಳ ಬಡಾವಣೆ ಜಿಂಬೋಚೋದ ಅಂಗಡಿಯವರು ಅಗ್ಗಕ್ಕೆ ಕೊಟ್ಟರು. ಮೊದಲು ಇಲ್ಲಿನ ಅಚ್ಚುಚಿತ್ರಗಳಲ್ಲಿ ಎರಡೋ ಮೂರೋ ಬಣ್ಣ ಇರ್ತಿತ್ತು. 1765ರಲ್ಲಿ ಎದೋದ, ಅಂದ್ರೆ ಇದೇ ಊರಿನ ಅನುಕೂಲಸ್ಥರು, ಯಾವ ತಿಂಗಳು ದೊಡ್ಡದು ಯಾವುದು ಚಿಕ್ಕದು ಅಂತ ಚಿತ್ರದೊಳಗೆ ಬಚ್ಚಿಟ್ಟ ಕ್ಯಾಲೆಂಡರ್ ಮಾಡಿಸಿ ಪೈಪೋಟಿ ಮೇಲೆ ಹಂಚಿಕೊಂಡ್ರು. ಆ ಪೈಪೋಟಿಯಲ್ಲೇ ಬಣ್ಣ ಹೆಚ್ಚಾಯ್ತು. ಬಣ್ಣಕ್ಕೊಂದು ಚೆರ್ರಿ ಮರದ ಹಲಗೆ, ಕಾಗದ ಪ್ರತಿ ಸಲವೂ ಅದೇ ಜಾಗಕ್ಕೆ ಕೂರೋಕೆ ಮೂಲೇಲೊಂದು ಗುರುತು. ಬರೆಯೋನು ಒಬ್ಬ, ಕೊರೆಯೋನು ಒಬ್ಬ, ಒತ್ತೋನು ಮತ್ತೊಬ್ಬ. ತಮಾಷೆ ಏನಪ್ಪಾ ಅಂದ್ರೆ, ಈ ಎಂಟು ಚಿತ್ರಗಳ ಮೊದಲ ಮುದ್ರಣದಲ್ಲಿ ಇದ್ದದ್ದು ಮಾಡಿಸಿದ ಸಮುರಾಯ್ ಕ್ಯೋಸೆನ್ ಹೆಸರು, ಹಾರುನೊಬುದಲ್ಲ.

ಚಿತ್ರ ತಿರುಗಿಸಿ ಹಿಂದುಗಡೆ ನೋಡು. ಬಣ್ಣ ಅಲ್ಲಿಗೂ ಇಳಿದಿದೆ. ದೀಪಕ್ಕೆ ಓರೆಯಾಗಿ ಹಿಡಿದ್ರೆ ಉಜ್ಜಿದ ಗೆರೆ ಕಾಣತ್ತೆ. ಒತ್ತೋಕೆ ಯಂತ್ರ ಇಲ್ಲ, ಬಿದಿರಿನ ಹಾಳೆ ಸುತ್ತಿದ ಅಂಗೈಯಗಲದ ಬಿಲ್ಲೆ.

ಅಪ್ಪ ಲ್ಯಾಮಿನೇಷನ್ ಮಾಡಿಸೋಕೆ ಹೊರಡ್ತಾರೆ, ತಡಿ. ಗಾಜು ಹಾಕಿಸಿದ್ರೆ ಸಾಕು. ಹಾಲ್‌ನಲ್ಲಿ ಬಿಸಿಲು ಬೀಳತ್ತೆ, ಬಣ್ಣ ಹೋಗತ್ತೆ. ವೀಣೆ ಇರೋ ಕೋಣೇಲೇ ಹಾಕು.

ಅಂದಹಾಗೆ ಮೇಳ ಕಟ್ಟೋರು ಯುಗಾದಿ ಕಳೀಲಿ ಅಂದಿದ್ರಲ್ಲ, ಈಗ ದಸರಾನೂ ಬಂತು. ಬಂದ್ರಾ?

ನಿನ್ನ ಮಗಳು